ಬಾಡಿಗೆಯಿಲ್ಲದ ಖೋಲಿ

ಸಮನ್ಸ್ ತಂದವನಿಗೆ ಅದನ್ನು ಜಾರಿ ಮಾಡುವ ಕ್ರಮ ಸರಿಯಾಗಿ ತಿಳಿದಿರಲಿಲ್ಲ. ಕಾಗದವನ್ನು ಅಂದಪ್ಪನ ಕೈಗೆ ಕೊಟ್ಟವನೇ ತಿರುಗಿ ಹೊರಟಿದ್ದ. ಅಂದಪ್ಪನೇ ಅವನನ್ನು ಕರೆದು ನಿಲ್ಲಿಸಿದ.

“ಏ, ನಿಲ್ಲಪಾ. ಇನ್ನೊಂದು ಪ್ರತಿ ಮ್ಯಾಲ ನನ್ನ ಸಹಿ ಬ್ಯಾಡೇನು? ನಾಳೆ ನಾ ನನಗ ಮುಟ್ಟಿಲ್ಲ ಅಂದ್ರ ಏನ್ ಮಾಡ್ತಿ?”

“ನೀವು ಹಂಗ ಅನ್ನಾವ್ರಲ್ಲ ಬಿಡ್ರಿ, ಹಿರ್ಯಾರು.”

“ಹಿರ್ಯಾರಽ ಹೆಚ್ಚು ಅಂತಾರ. ಮೂವತ್ತೊಂದು ವರ್ಷ ಇದಽ ಕೆಲಸ ಮಾಡೇನಿ. ತಾ ಇಲ್ಲೆ.”

ಅಂದಪ್ಪ ಹುನಗುಂದದ ಕೋರ್ಟಿನಲ್ಲಿ ಬೇಲೀಫನಾಗಿದ್ದವನು. ಅವನ ಕೈಯಿಂದ ಒಂದಲ್ಲ ಒಂದು ಸಮನ್ಸ್ ಪಡೆಯದ ಮನೆತನ ಆ ತಾಲೂಕಿನಲ್ಲಿ ಕಡಿಮೆ. ಬಾಗಿಲು ಹಾಕಿಕೊಂಡವರ ಕದಕ್ಕೆ ನೋಟಿಸು ಅಂಟಿಸಿದ್ದ. ಜಪ್ತಿಗೆ ಹೋದಲ್ಲಿ ಕೊಡ, ತಪ್ಪಲೆ, ಹಾಸಿಗೆಗಳನ್ನು ಬರೆದುಕೊಂಡು ಪಂಚನಾಮೆ ಮಾಡಿದ್ದ. ಆದರೆ ತನ್ನ ಹೆಸರಿಗೇ ಒಂದು ಸಮನ್ಸ್ ಬಂದದ್ದು ಅರವತ್ತೇಳನೆಯ ವಯಸ್ಸಿನಲ್ಲಿ, ಸಾವಿರದ ಒಂಬೈನೂರ ಎಂಬತ್ತನಾಲ್ಕರ ಜೂನ್ ತಿಂಗಳಿನಲ್ಲಿ, ಅದೇ ಮೊದಲು.

ಬಾಗಲಕೋಟೆಯ ಇನ್‌ಕಮ್ ಟ್ಯಾಕ್ಸ್ ಆಫೀಸಿನಿಂದ ಬಂದದ್ದು. ಬೆಲ್ಜಿಯಂ ದೇಶದ ಯಂತ್ರದ ಕಂಪನಿಯೊಂದರ ತೆರಿಗೆಯ ವಿಚಾರಣೆಯಲ್ಲಿ ಅವನು ಸಾಕ್ಷಿಯಾಗಿ ಬರತಕ್ಕದ್ದು. ಆ ಕಂಪನಿಯ ಯೋಹಾನ್ ಎಂಬವನು ಇಳಕಲ್ಲಿನ ಅವನ ಮನೆಯಲ್ಲಿ ಇದ್ದ ಬಗೆ ಯಾವುದೆಂದು ಹೇಳತಕ್ಕದ್ದು. ಕೊನೆಯ ಸಾಲಿನಲ್ಲಿ, ಅವನ ಹೆಂಡತಿ ಗುರುಲಿಂಗವ್ವ ಸಾವಿರದ ಒಂಬೈನೂರ ಎಂಬತ್ತೊಂದರಲ್ಲಿ ಬರೆದುಕೊಟ್ಟ ಪತ್ರದ ಬಗ್ಗೆಯೂ ಕೇಳಲಾಗುವುದು ಎಂದಿತ್ತು.

ಗುರುಲಿಂಗವ್ವ ಲಿಂಗೈಕ್ಯಳಾಗಿ ಏಳು ತಿಂಗಳಾಗಿತ್ತು. ಅಂದಪ್ಪ ಆ ಸಾಲನ್ನು ಓದಿ ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ತೆಗೆದು ಆ ಹೆಸರೊಂದನ್ನೇ ನೋಡಿ ಮತ್ತೆ ಮಡಚಿದ.

ಇಳಕಲ್ಲಿನ ಆ ಮನೆ ಅವಳ ತವರಿನಿಂದ ಬಂದದ್ದು. ಕಾಗದಪತ್ರವೆಲ್ಲ ಅವಳ ಹೆಸರಿಗೇ ಇತ್ತು. ಹದಿನಾರನೆಯ ವಯಸ್ಸಿನಲ್ಲಿ ಮದುವೆಯಾಗಿ ಸಂಸಾರಕ್ಕೆ ಬಂದವಳು ಒಂದು ನೇಮ ಹಿಡಿದಿದ್ದಳು: ದಿನಕ್ಕೆ ಮನೆಯವರಲ್ಲದ ಒಬ್ಬರಾದರೂ ಮನೆಯಲ್ಲಿ ಉಂಡ ಮೇಲೆಯೇ ತಾನು ಉಣ್ಣುವುದು. ಜಂಗಮರು ಬಂದರೆ ಜಂಗಮರು, ಇಲ್ಲದಿದ್ದರೆ ಬಳೆಗಾರ, ಗೊಬ್ಬರದ ಗಾಡಿಯವನು, ದಾರಿ ತಪ್ಪಿದವನು. ಯಾರೂ ಸಿಗದ ದಿನ ಮಧ್ಯಾಹ್ನ ಮೂರರವರೆಗೂ ಬಾಗಿಲಲ್ಲಿ ಕುಳಿತಿರುತ್ತಿದ್ದಳು. ಅಂದಪ್ಪ ಕೆಲವು ಸಲ ಬಸ್ ನಿಲ್ದಾಣದಿಂದ ಯಾರನ್ನಾದರೂ ಕರೆತರಬೇಕಾಗುತ್ತಿತ್ತು. “ಸಮನ್ಸ್ ಇಲ್ಲದ ಮನಶ್ಯಾನ್ನ ಹಿಡಕೊಂಡು ಬಂದೇನಿ, ನೀಡು” ಎನ್ನುತ್ತಿದ್ದ.

ಯೋಹಾನ್ ಸಿಕ್ಕಿದ್ದೂ ಹಾಗೆಯೇ. ಎಂಬತ್ತರ ಮಳೆಗಾಲದಲ್ಲಿ, ಕೆಂಪು ಕಲ್ಲಿನ ಗಣಿಗಳವರಿಗೆ ಕಲ್ಲು ಕೊರೆಯುವ ಯಂತ್ರ ತೋರಿಸಲು ಬಂದವನು ಲಾಡ್ಜಿನ ಊಟಕ್ಕೆ ಹೊಟ್ಟೆ ಕೆಟ್ಟು ಮಲಗಿದ್ದ. ಅವನಿಗೆ ಸಹಾಯಕನಾಗಿ ಸೇರಿದ್ದ ರಾಚಪ್ಪ ಅಂದಪ್ಪನ ಅಕ್ಕನ ಮಗ. ಬೇರೆ ದಾರಿ ಕಾಣದೆ ಅವನನ್ನು ಮಾವನ ಮನೆಗೆ ಕರೆತಂದ. ಗುರುಲಿಂಗವ್ವ ಅವನಿಗೆ ಹದಿನೈದು ದಿನ ಗಂಜಿ ಹಾಕಿದಳು. ಆಮೇಲೆ ರೊಟ್ಟಿ, ಆಮೇಲೆ ಎಣ್ಣೆಗಾಯಿ. ಬೀದಿಗೆ ಬೇರೆ ಬಾಗಿಲಿದ್ದ ಮುಂದಿನ ಖೋಲಿಯನ್ನು ಅವನಿಗೆ ಬಿಟ್ಟುಕೊಟ್ಟಳು. ಅವನು “ಎವ್ವಾ” ಎಂದು ಕರೆಯಲು ಕಲಿತ. ಅವಳು “ಯೋಹಾನಪ್ಪ” ಎಂದಳು. ಬಾಡಿಗೆಯ ಮಾತೆತ್ತಿದಾಗ ಮಾತ್ರ ಅವಳಿಗೆ ಸಿಟ್ಟು ಬಂದಿತ್ತು.

“ಉಂಡವ್ರ ಕಡಿಂದ ರೊಕ್ಕ ತೊಗೊಳಾಕ ಇದೇನು ಖಾನಾವಳಿ?”

ಮರುವರ್ಷ ರಾಚಪ್ಪ ಒಂದು ಮಾತು ತಂದ. ಬಾಡಿಗೆ ಬೇಡವೆಂಬುದನ್ನು ಕಂಪನಿ ನಂಬುತ್ತಿಲ್ಲವಂತೆ, ಬರೆದುಕೊಟ್ಟರೆ ಸಾಕಂತೆ. ಗುರುಲಿಂಗವ್ವ ನಾಲ್ಕನೆಯ ಇಯತ್ತೆಯವರೆಗೆ ಓದಿದವಳು. ಅಂದು ಕೈಕಾಲು ತೊಳೆದು, ಲಿಂಗಪೂಜೆಯ ಜಾಗದಲ್ಲಿಯೇ ಕುಳಿತು, ತಾನೇ ಬರೆದಳು. ಬರೆದದ್ದನ್ನು ಗಂಡನಿಗೆ ಓದಿ ತೋರಿಸಿದಳು. ಅಂದಪ್ಪ ಮೂವತ್ತೊಂದು ವರ್ಷ ಕಾಗದಗಳ ನಡುವೆ ಇದ್ದವನು. ಯಾರಾದರೂ ಕಾಗದ ಬೇಡಿದರೆ ಏತಕ್ಕೆಂದು ಕೇಳಬೇಕೆಂಬುದು ಅವನಿಗೆ ತಿಳಿದಿತ್ತು. ಅಂದು ಕೇಳಲಿಲ್ಲ. ಅವಳ ಮುಖದಲ್ಲಿ ಅಷ್ಟು ಸಂತೋಷವಿತ್ತು.

ಸಮನ್ಸ್ ಬಂದ ಸಂಜೆಯೇ ರಾಚಪ್ಪ ಬಂದ. ಚಪ್ಪಲಿ ಬಿಡುವ ಮೊದಲೇ ಮಾತು ಶುರುಮಾಡಿದ.

“ಮಾವಾ, ಭಾಳ ಏನಿಲ್ಲ. ಅತಿಥಿ ಇದ್ದ, ಉಂಡ, ಹೋದ, ಇಷ್ಟ ಹೇಳಿ ಬಾ. ಅತ್ತಿ ಬರದದ್ದು ಅದನ್ನಽ ಅಲ್ಲಾ?”

“ಆ ಕಾಗದ ಟ್ಯಾಕ್ಸಿನವ್ರ ಕಡೆ ಹೆಂಗ ಹೋತಲೇ?”

ರಾಚಪ್ಪ ಮೀಸೆ ಸವರಿಕೊಂಡ. “ಕಂಪನಿ ವಕೀಲರು ಕೊಟ್ಟಾರ. ಇಲ್ಲೆ ನಮ್ಮ ಕಂಪನಿದು ಆಫೀಸ್ ಇಲ್ಲ, ಹಿಂಗಾಗಿ ಇಲ್ಲಿ ಸರ್ಕಾರಕ್ಕ ತೆರಿಗಿ ಕೊಡೂದಿಲ್ಲ ಅಂತ ಅವರ ವಾದ. ಅದಕ್ಕ ಅತ್ತಿ ಕಾಗದಽ ಪುರಾವಿ.”

“ಅಂದ್ರ ಅಕಿ ಬರದದ್ದು ಇದಕ್ಕನ?”

“ಅಕಿ ಬರದದ್ದು ಖರೆ ಅಲ್ಲೇನು? ಒಂದು ಪೈ ತೊಗೊಂಡಿಲ್ಲಲ್ಲಾ?”

“ತೊಗೊಂಡಿಲ್ಲ.”

“ಮತ್ತ? ನೋಡು ಮಾವಾ, ನೀ ಅಲ್ಲಿ ಹೋಗಿ ಅದು ಆಫೀಸ್ ಇತ್ತು ಅಂದಿ ಅಂದ್ರ, ಅತ್ತಿ ಬರದದ್ದು ಸುಳ್ಳಂತ ಆಗ್ತೈತಿ. ಸರ್ಕಾರಿ ಫೈಲಿನಾಗ ಸುಳ್ಳಂತಽ ಕುಂದರ್ತೈತಿ. ಊರಾಗ ಬಾಯಿ ಮುಚ್ಚೂದ್ಯಾರು? ಹೊರಗ ದಾಸೋಹ ಅಂದ್ಲು, ಒಳಗ ಬಾಡಿಗಿ ತಿಂದ್ಲು ಅಂತಾರ. ಸತ್ತಾಕಿ ಬಂದು ಉತ್ತರ ಕೊಡ್ತಾಳೇನು?”

ರಾಚಪ್ಪನಿಗೆ ಪ್ರತಿ ಯಂತ್ರದ ಮೇಲೆ ಕಮಿಷನ್ನು ಬರುತ್ತದೆಂಬುದು ಅಂದಪ್ಪನಿಗೆ ತಿಳಿದಿತ್ತು. ಆದರೆ ಹೇಳಿದವನ ಲಾಭ ಏನೇ ಇರಲಿ, ಹೇಳಿದ ಮಾತು ಎದೆಗೆ ತಾಕಿತ್ತು. ಗುರುಲಿಂಗವ್ವ ಬಿಟ್ಟು ಹೋದದ್ದು ಹೆಚ್ಚೇನೂ ಇರಲಿಲ್ಲ. ಎರಡು ಸೀರೆ, ಒಂದು ವಿಭೂತಿಯ ಕರಡಿಗೆ, ಊರಿನವರ ಬಾಯಲ್ಲಿದ್ದ ಒಂದು ಒಳ್ಳೆಯ ಹೆಸರು. ಆ ಹೆಸರಿಗೆ ತನ್ನ ಬಾಯಿಂದಲೇ ಕಲೆ ಹತ್ತಿಸುವುದು ಹೇಗೆ?

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ರೇಣವ್ವ ಮಜ್ಜಿಗೆ ತಂದಳು. ಕುರಿ ಸಾಕುವ ಮನೆಯವಳು; ಗುರುಲಿಂಗವ್ವ ಹೋದ ಮೇಲೆ ಅಂದಪ್ಪನಿಗೆ ರೊಟ್ಟಿ ಬಡಿದುಕೊಡುತ್ತಿದ್ದವಳೂ, ಮುಂದಿನ ಖೋಲಿಯ ಕಸ ಹೊಡೆಯುತ್ತಿದ್ದವಳೂ ಅವಳೇ. ಯೋಹಾನ್ ಎರಡು ತಿಂಗಳಿಂದ ತನ್ನ ದೇಶಕ್ಕೆ ಹೋಗಿದ್ದ.

“ರೇಣವ್ವಾ, ಆ ಖೋಲಿಯಾಗ ಏನೇನೈತಿ?”

“ನಿಮ್ಮ ಮನ್ಯಾಗ ಏನೈತಿ ಅಂತ ನನ್ನ ಕೇಳ್ತೀರೇನ್ರಿ ಎಪ್ಪಾ?” ಎಂದು ಅವಳು ನಕ್ಕಳು. “ಏನಿಲ್ಲ ಹೇಳ್ರಿ? ಎರಡು ಬೀರು ತುಂಬ ಕಬ್ಬಿಣದ ಸಾಮಾನು. ಟಕಟಕ ಅನ್ನೂ ಮಷೀನು. ಗ್ವಾಡಿ ಮ್ಯಾಲ ಯಂತ್ರದ ಚಿತ್ರ. ಮಲಗೂ ಕಾಟು ಒಂದು ಮೂಲ್ಯಾಗ ಬಿದ್ದೈತಿ, ಅದರ ಮ್ಯಾಲೂ ಕಾಗದ. ಆ ಮನಶ್ಯಾ ಎಲ್ಲಿ ಮಲಗ್ತಿದ್ನೋ ಬೀರಪ್ಪ ದೇವರಿಗಽ ಗೊತ್ತು.”

“ಈಗ ಬಾಗಲಾ ಹಾಕೈತೇನು?”

“ಹಾಕಿರ್ತೈತೇನು! ರಾಚಪ್ಪಣ್ಣ ದಿನಾ ಹತ್ತಕ್ಕ ಬಂದು ತೆಗೀತಾನಲ್ಲಾ. ನಿನ್ನಿ ಗಂಗಾವತಿ ಕಡಿ ಖಣಿಯವ್ರು ಇಬ್ರು ಬಂದಿದ್ರು, ದರ ಕುದುರಿಸಿ ಮೇಜಿನ ಮ್ಯಾಲ ಸಹಿ ಹಾಕಿದ್ರು, ಚಾ ತರಿಸಿದ್ರು. ನನಗೂ ಅರ್ಧ ಕಪ್ಪು ಕೊಟ್ರು.”

ಅಂದಪ್ಪ ಆ ಖೋಲಿಯೊಳಗೆ ಕಾಲಿಟ್ಟು ವರ್ಷಗಳಾಗಿದ್ದವು. ಅತಿಥಿಗೆ ಬಿಟ್ಟುಕೊಟ್ಟ ಜಾಗದಲ್ಲಿ ಇಣುಕುವುದು ಮನೆಯವನಿಗೆ ತರವಲ್ಲವೆಂದು ಬಿಟ್ಟಿದ್ದ. ಪರರ ಮನೆಗಳನ್ನು ಮೂಲೆ ಮೂಲೆ ನೋಡಿ ಬರೆದವನು ತನ್ನ ಮನೆಯ ಒಂದು ಕೋಣೆಯನ್ನು ನೋಡಿರಲಿಲ್ಲ. ಅಂದು ಕದ ತೆರೆದಿದ್ದಾಗ ಹೋಗಿ ಹೊಸ್ತಿಲಲ್ಲಿ ನಿಂತು ನೋಡಿದ. ರೇಣವ್ವ ಹೇಳಿದ್ದೆಲ್ಲ ಇತ್ತು. ಅವಳು ಹೇಳದೇ ಇದ್ದ ಇನ್ನೊಂದಿತ್ತು: ಮೇಜಿನ ಮೇಲೆ ಒಂದು ರಬ್ಬರ್ ಮುದ್ರೆ. ಒಳಗೆ ಹೋಗಿ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ, ಅಕ್ಷರ ಕೂಡಿಸಿ ಓದಿದ. ಕಂಪನಿಯ ಹೆಸರು, ಅದರ ಕೆಳಗೆ ಇಂಗ್ಲಿಷಿನಲ್ಲಿ ಇಳಕಲ್.

ಆ ದಿನ ಅವನು ಕೂಡಲಸಂಗಮಕ್ಕೆ ಹೋದ. ನದಿಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕುಳಿತಿದ್ದ. ದೇವರಲ್ಲಿ ಏನು ಕೇಳಬೇಕೆಂಬುದು ಸ್ಪಷ್ಟವಾಗಲಿಲ್ಲ. ಸತ್ಯ ಹೇಳುವ ಧೈರ್ಯ ಕೊಡು ಎಂದು ಕೇಳಿದರೆ ಅವಳ ಹೆಸರು ಹೋಗುತ್ತಿತ್ತು. ಅವಳ ಹೆಸರು ಉಳಿಸು ಎಂದರೆ ಪ್ರಮಾಣ ಮಾಡಿ ಅರ್ಧ ಮಾತು ಹೇಳಬೇಕಾಗುತ್ತಿತ್ತು. ಏನೂ ಕೇಳದೆ ಕೈಮುಗಿದು, ಸಂಜೆಯ ಬಸ್ಸಿಗೆ ಮರಳಿದ.

ವಿಚಾರಣೆ ಬಾಗಲಕೋಟೆಯಲ್ಲಿ, ಒಂದು ಹಳೆಯ ಕಟ್ಟಡದ ಮಾಳಿಗೆಯಲ್ಲಿ ನಡೆಯಿತು. ಆಫೀಸರರು ಧಾರವಾಡದ ಕಡೆಯವರು, ನಾಡಗೀರ ಎಂದು ಅವರ ಹೆಸರು. ಎದುರಿಗೆ ಕಂಪನಿಯ ಪರವಾಗಿ ಹುಬ್ಬಳ್ಳಿಯಿಂದ ಬಂದ ವಕೀಲರು. ಅವರ ಹಿಂದೆ, ಇಸ್ತ್ರಿಯ ಅಂಗಿ ಹಾಕಿಕೊಂಡು ರಾಚಪ್ಪ. ಅಂದಪ್ಪನಿಗೆ ಪ್ರಮಾಣ ಮಾಡಿಸಿ ಕುರ್ಚಿ ಕೊಟ್ಟರು.

“ಅಂದಪ್ಪನವರ, ಮೊದಲ ವಿಷಯ ತಿಳಕೊಳ್ರಿ” ಎಂದು ನಾಡಗೀರರು ಆರಂಭಿಸಿದರು. “ಈ ಕಂಪನಿಯವರು ನಾಲ್ಕು ವರ್ಷದಾಗ ನಮ್ಮ ಕಲ್ಲಿನ ಖಣಿಯವರಿಗೆ ಹತ್ತೊಂಬತ್ತು ಯಂತ್ರ ಮಾರ್ಯಾರ. ರೊಕ್ಕ ಇಲ್ಲಿಂದ ಹೋಗ್ಯದ. ಲಾಭದ ಮ್ಯಾಲ ತೆರಿಗಿ ಕೇಳಿದ್ರ, ನಮ್ಮ ದೇಶದಾಗ ಕಟ್ಟತೇವಿ, ನಿಮಗ ಕಟ್ಟೋದಿಲ್ಲ ಅಂತಾರ. ಎರಡೂ ದೇಶದ ನಡುವ ಕರಾರು ಅದ. ಒಂದಽ ಲಾಭಕ್ಕ ಎರಡೂ ಕಡೆ ಪೂರ್ತಿ ತೆರಿಗಿ ಬೀಳಬಾರದು ಅಂತ ಮಾಡಿದ್ದು. ಅದು ನ್ಯಾಯನಽ. ಆದ್ರ ಮಾರೋವರದು ನಮ್ಮ ನೆಲದ ಮ್ಯಾಲ ಒಂದು ಕಾಯಂ ಠಿಕಾಣಿ, ಅಂದ್ರ ಧಂದೆ ನಡಸೋ ಕಾಯಂ ಜಾಗಾ, ಇತ್ತಂದ್ರ, ಅಲ್ಲಿಂದ ಗಳಿಸಿದ್ದರಾಗ ಮೊದಲ ಪಾಲು ನಮಗ. ಇಲ್ಲಂದ್ರ ಏನೂ ಇಲ್ಲ.”

“ತಿಳೀತ್ರಿ.”

“ನಮ್ಮಂಥ ದೇಶದವ್ರು ಕೊಳ್ಳೋವ್ರು, ಅವರು ಮಾರೋವ್ರು. ಠಿಕಾಣಿ ಎಲ್ಲದ ಅಂತ ನಾವು ತೋರಿಸದಿದ್ರ, ಎಲ್ಲಾ ಅತ್ತಾಗಽ ಹೋಗ್ತದ. ಆ ದುಡ್ಡಿನಾಗ ಎಷ್ಟು ಸಾಲಿ ಆಗ್ತಿದ್ವು, ಎಷ್ಟು ರಸ್ತಾ—”

“ಅದನ್ನ ಬಿಡ್ರಿ ಸಾಹೇಬ್ರ” ಎಂದ ಅಂದಪ್ಪ. “ಸರ್ಕಾರಕ್ಕ ವಸೂಲಿ ಯಾಕ ಬೇಕಂತ ಬೇಲೀಫಗ ಹೇಳಬ್ಯಾಡ್ರಿ. ಕೇಳೂದು ಕೇಳ್ರಿ.”

ನಾಡಗೀರರು ನಕ್ಕುಬಿಟ್ಟರು. ವಕೀಲರು ಎದ್ದು ನಿಂತರು. ಅವರದು ಪುಸ್ತಕದ ಕನ್ನಡ.

“ಇದರಲ್ಲಿ ಕೇಳುವುದೇನೂ ಇಲ್ಲ. ಬಾಡಿಗೆ ಕೊಟ್ಟಿಲ್ಲ, ಕರಾರುಪತ್ರ ಇಲ್ಲ. ನನ್ನ ಕಕ್ಷಿದಾರರ ಪ್ರತಿನಿಧಿ ಬಾದಾಮಿ, ಪಟ್ಟದಕಲ್ಲುಗಳನ್ನು ನೋಡುವ ಆಸಕ್ತಿಯಿಂದ ಈ ಕಡೆ ಬರುತ್ತಿದ್ದವರು. ಒಬ್ಬ ಧರ್ಮಿಷ್ಠ ಮುದುಕಿಯ ಮನೆಯಲ್ಲಿ ಅತಿಥಿಯಾಗಿದ್ದರು. ಅತಿಥಿ ಉಂಡ ಮನೆ ಕಂಪನಿಯ ಕಚೇರಿ ಆದೀತೆ?”

“ಬಾದಾಮಿಗೆ ಅಂವ ಹೋದದ್ದು ಒಮ್ಮೆರಿ” ಎಂದ ಅಂದಪ್ಪ. “ಮಂಗ್ಯಾ ಚಸಮಾ ಕಸಗೊಂಡು ಓಡಿಹೋತು. ಮತ್ತ ಆ ಕಡೆ ಮುಖ ಹಾಕಲಿಲ್ಲ.”

ರಾಚಪ್ಪ ತಲೆ ತಗ್ಗಿಸಿದ. ನಾಡಗೀರರು ಫೈಲಿನಿಂದ ಒಂದು ಹಾಳೆ ತೆಗೆದು ಅಂದಪ್ಪನ ಮುಂದಿಟ್ಟರು.

“ಇದು ನಿಮ್ಮ ಮನೆಯವರು ಬರದದ್ದು ಹೌದಲ್ರಿ?”

ಮೂರು ವರ್ಷಗಳ ಮೇಲೆ ಅವನು ಅದನ್ನು ನೋಡಿದ. ಗೆರೆಯಿದ್ದ ಹಾಳೆ, ನೀಲಿ ಮಸಿ. ದಪ್ಪ ದಪ್ಪ ಅಕ್ಷರಗಳು. ‘ಯೋಹಾನಪ್ಪ ನಮ್ಮ ಮನೆಯ ಅತಿಥಿ. ಆತನಿಂದ ಒಂದು ಪೈ ಪಡೆದಿಲ್ಲ, ಪಡೆಯುವುದಿಲ್ಲ. ಇದು ನಮ್ಮ ಮನೆತನದ ನಡೆ.’ ಕೆಳಗೆ ಅವಳ ರುಜು. ಅದರ ಮೊದಲ ಅಕ್ಷರದ ಕೊಂಬು ಗೆರೆ ದಾಟಿ ಕೆಳಗಿಳಿದಿತ್ತು. ಅವಳು ಯಾವಾಗಲೂ ಹಾಗೆಯೇ ಬರೆಯುತ್ತಿದ್ದಳು. ಅಂದಪ್ಪ ಹಾಳೆಯನ್ನು ಮುಟ್ಟಲಿಲ್ಲ.

“ಹೌದ್ರಿ. ಅಕಿದಽ ಕೈ.”

“ಆ ಖೋಲಿಯಾಗ ಏನು ನಡೀತಿತ್ತು?”

ಅವನು ಹೇಳಿದ. ಬೀದಿಗೆ ಬೇರೆ ಬಾಗಿಲು, ಅದಕ್ಕೆ ಯೋಹಾನ್ ಹಾಕಿದ ಕೀಲಿ, ಕೀಲಿಕೈ ಮನೆಯವರ ಹತ್ತಿರ ಇಲ್ಲದಿದ್ದುದು. ಎರಡು ಬೀರು, ಟೈಪ್ ಮಾಡುವ ಯಂತ್ರ, ರಬ್ಬರ್ ಮುದ್ರೆ. ಗಣಿಯವರು ಬರುತ್ತಿದ್ದುದು, ದರ ಕುದುರಿಸುತ್ತಿದ್ದುದು, ಅಲ್ಲಿಯೇ ಮೇಜಿನ ಮೇಲೆ ಸಹಿ ಹಾಕಿ ಹೋಗುತ್ತಿದ್ದುದು. ಜಪ್ತಿಯ ಪಂಚನಾಮೆ ಓದಿದಂತೆ, ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಗುಮಾಸ್ತ ಬರೆದುಕೊಂಡ.

ವಕೀಲರು ಮುಂದೆ ಬಾಗಿದರು. “ಹಾಗಾದರೆ ನಿಮ್ಮ ಪತ್ನಿ ಬರೆದದ್ದು ಸುಳ್ಳು. ಹೌದೋ ಅಲ್ಲವೋ?”

ಅಂದಪ್ಪ ಆ ರುಜುವನ್ನು ನೋಡುತ್ತ ಕುಳಿತ. ರಾಚಪ್ಪ ಹೇಳಿದ್ದೇ ಬಂದಿತ್ತು. ಹೌದು ಎಂದರೆ ಅವಳು ಹೋದಳು. ಅಲ್ಲ ಎಂದರೆ ತಾನು ಈಗ ಹೇಳಿದ್ದೆಲ್ಲ ಹೋಯಿತು. ಯಾವ ಕೋರ್ಟಿನಲ್ಲಾದರೂ ಸಾಕ್ಷಿಗಳನ್ನು ಹೀಗೆಯೇ ಸಿಕ್ಕಿಸುತ್ತಾರೆಂಬುದನ್ನು ಅವನು ನೂರು ಸಲ ಬಾಗಿಲಲ್ಲಿ ನಿಂತು ನೋಡಿದ್ದ. ಆ ಗಳಿಗೆಯಲ್ಲಿ ಅವನಿಗೆ ನೆನಪಾದದ್ದು ಬೇಸಿಗೆಯ ಒಂದು ಮಧ್ಯಾಹ್ನ. ಯೋಹಾನ್ ತನ್ನ ದೇಶಕ್ಕೆ ಹೋಗಿದ್ದ. ಗುರುಲಿಂಗವ್ವ ಹಸಿದುಕೊಂಡು ಬಾಗಿಲಲ್ಲಿ ಕುಳಿತಿದ್ದಳು. ನಾಲ್ಕು ಮಾರಿನಾಚೆ ಆ ಖೋಲಿಯ ಕದ ತೆರೆದಿತ್ತು; ಒಳಗೆ ಟಕಟಕ ಸಪ್ಪಳ ಕೇಳುತ್ತಿತ್ತು.

“ಸಾಹೇಬ್ರ, ನನ್ನ ಹೆಂಡ್ತಿ ಒಂದು ನೇಮ ಹಿಡಿದಿದ್ಲರಿ” ಎಂದು ಅವನು ನಾಡಗೀರರ ಕಡೆಗೆ ತಿರುಗಿ ಹೇಳಿದ. “ಹೊರಗಿನವ್ರು ಒಬ್ರು ಉಂಡ ಹೊರತು ಅಕಿ ಉಣ್ಣಾಕಿ ಅಲ್ಲ. ಯೋಹಾನಪ್ಪ ಊರಾಗಿದ್ರ ಅಂವ ಉಣ್ತಿದ್ದ. ಅಂವ ತನ್ನ ದೇಶಕ್ಕ ಹೋದಾಗ, ವರ್ಷದಾಗ ಮೂರು-ನಾಕು ತಿಂಗಳು, ಅಕಿ ಬ್ಯಾರೆ ಅತಿಥಿನ್ನ ಹುಡುಕ್ತಿದ್ಲು. ನಾನಽ ಬಸ್‌ಸ್ಟ್ಯಾಂಡಿಗೆ ಹೋಗಿ ಕರಕೊಂಡು ಬಂದೇನಿ. ಅಂದ್ರ ಅತಿಥಿ ಮನ್ಯಾಗಿಲ್ಲ ಅಂತ ಅಕಿಗೆ ಚಲೋತ್ನ್ಯಾಗಿ ಗೊತ್ತಿತ್ತು.”

“ಅದಕ್ಕೂ ಇದಕ್ಕೂ ಏನು ಸಂಬಂಧ?” ಎಂದರು ವಕೀಲರು.

“ಅತಿಥಿ ಇಲ್ಲದ ಆ ದಿವಸಾನೂ ಖೋಲಿ ಬಾಗಲಾ ಹತ್ತು ಗಂಟೇಕ್ಕ ತೆಗೀತಿತ್ತು, ಆರು ಗಂಟೇಕ್ಕ ಹಾಕ್ತಿತ್ತು. ಮಂದಿ ಬರ್ತಿದ್ರು, ಸಹಿ ಆಗ್ತಿದ್ವು. ಅತಿಥಿ ಇಲ್ಲದ ಖೋಲಿಯಾಗ ಅತಿಥಿ ಸತ್ಕಾರ ಆಗ್ತೈತೇನ್ರಿ? ನಮ್ಮಾಕಿ ಕೊಟ್ಟದ್ದು ಮನಶ್ಯಾಗ. ಅದಕ್ಕ ಅಕಿ ಏನೂ ತೊಗೊಳ್ಳಿಲ್ಲ, ಬರದದ್ದರಾಗ ಒಂದಕ್ಷರ ಸುಳ್ಳಿಲ್ಲ. ಕಂಪನಿಗೆ ಅಕಿ ಏನೂ ಕೊಟ್ಟಿಲ್ಲರಿ. ಅದು ತಾನಽ ತೊಗೊಂಡೈತಿ.”

ಗುಮಾಸ್ತನ ಲೇಖನಿ ನಿಂತಿತು. ನಾಡಗೀರರು ಅವನ ಕಡೆ ನೋಡಿ, “ಹೇಳಿದ ಹಾಂಗಽ ಬರಕೊಳ್ರಿ, ಇಂಗ್ಲಿಷ್ ಆಮ್ಯಾಲ ಮಾಡೋಣ” ಎಂದರು. ವಕೀಲರು ಇನ್ನೂ ನಾಲ್ಕು ಪ್ರಶ್ನೆ ಕೇಳಿದರು. ಅವು ಆ ಮಾತನ್ನು ಅಲುಗಿಸಲಿಲ್ಲ. ಹೇಳಿಕೆಗೆ ಸಹಿ ಹಾಕಿ ಅಂದಪ್ಪ ಮೆಟ್ಟಿಲಿಳಿದ. ರಾಚಪ್ಪ ಇನ್ನೊಂದು ದಾರಿಯಿಂದ ಹೋದ. ಇಬ್ಬರೂ ಒಂದೇ ಬಸ್ಸಿನಲ್ಲಿ ಮರಳಲಿಲ್ಲ.

ಮುಂದಿನ ತಿಂಗಳು ಯೋಹಾನ್ ಬಂದ. ಸಿಟ್ಟು ತೋರಿಸಲಿಲ್ಲ. ಅಂಥ ಸ್ವಭಾವವೂ ಅವನದಲ್ಲ. ಗುರುಲಿಂಗವ್ವ ಹೋದ ಸುದ್ದಿ ತಿಳಿದಾಗ ಹೊಲದಲ್ಲಿದ್ದ ಅವಳ ಗದ್ದುಗೆಯ ಬಳಿ ಮಕ್ಕಳಂತೆ ಅತ್ತವನು ಅವನು. ತನಗೆ ಇವೆಲ್ಲ ಹೆಡ್ ಆಫೀಸಿನವರು ಹೇಳಿ ಮಾಡಿಸಿದ್ದು ಎಂದು ತನ್ನ ಹರಕು ಕನ್ನಡದಲ್ಲಿ ಹೇಳಿದ. ಅಂದಪ್ಪ ಹೂಂಗುಟ್ಟಿದ. ರೇಣವ್ವ ಬಡಿದುಕೊಟ್ಟ ರೊಟ್ಟಿಯನ್ನು ಇಬ್ಬರೂ ಉಂಡರು. ಮೂರನೆಯ ದಿನ ಒಂದು ಲಾರಿ ಬಂದು ಬೀರು, ಮೇಜು, ಯಂತ್ರಗಳನ್ನೆಲ್ಲ ಮದ್ರಾಸಿಗೆ ಒಯ್ದಿತು.

ರಾಚಪ್ಪ ನಾಲ್ಕು ತಿಂಗಳು ಆ ಓಣಿಗೇ ಬರಲಿಲ್ಲ. ಬಂದದ್ದು ದೀಪಾವಳಿ ಕಳೆದ ಮೇಲೆ, ಕೈಯಲ್ಲಿ ಒಂದು ಲಕೋಟೆ ಹಿಡಿದು. ಕುಳಿತುಕೋ ಎಂದರೂ ಕುಳಿತುಕೊಳ್ಳಲಿಲ್ಲ.

“ಆರ್ಡರ್ ಆಗೈತಿ ಮಾವಾ. ನೀ ಗೆದ್ದಿ. ಇಪ್ಪತ್ತೆಂಟು ಪೇಜು. ನೋಡು, ನಿನ್ನ ಹೆಸರು ಒಂಬತ್ತು ಕಡೆ ಐತಿ.”

“ನನಗ ಇಷ್ಟು ಇಂಗ್ಲಿಷ್ ಓದಾಕ ಎಲ್ಲಿ ಬರ್ತೈತಿ? ನೀನಽ ಹೇಳು.”

ರಾಚಪ್ಪ ಓದಿದ, ಬೇಸರದಿಂದ, ಅಲ್ಲಲ್ಲಿ ಹಾರಿಸುತ್ತ. ಎಂಬತ್ತೊಂದರಿಂದ ಇತ್ತ ಆ ಖೋಲಿಯೇ ಕಂಪನಿಯ ಕಾಯಂ ಠಿಕಾಣಿ. ಬಾಡಿಗೆ ಕೊಡದಿದ್ದರೂ ಠಿಕಾಣಿ ಠಿಕಾಣಿಯೇ. ಅಲ್ಲಿ ಮಾರಿದ ಯಂತ್ರಗಳ ಲಾಭದಲ್ಲಿ ಈ ದೇಶಕ್ಕೆ ಸಲ್ಲತಕ್ಕ ತೆರಿಗೆ ಇಷ್ಟು, ಬಡ್ಡಿ ಇಷ್ಟು. ಹತ್ತೊಂಬತ್ತನೆಯ ಪುಟಕ್ಕೆ ಬಂದಾಗ ಅವನ ದನಿ ಸ್ವಲ್ಪ ಇಳಿಯಿತು.

“‘ಮೃತ ಗುರುಲಿಂಗವ್ವ ಅವರ ಪತ್ರವು ಸತ್ಯವಾದುದೆಂದು ಒಪ್ಪಲಾಗಿದೆ. ಅವರು ಯಾರಿಂದಲೂ ಏನನ್ನೂ ಪಡೆದಿಲ್ಲ. ಅವರ ಔದಾರ್ಯವು ಕಂಪನಿಗೆ ಉದ್ದೇಶಿತವಾದುದಲ್ಲ.’ ಹಿಂಗಂತ ಬರದಾರ.”

ಅಂದಪ್ಪ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ.

“ಭಾಳ ಖುಷಿ ಆಗಬ್ಯಾಡ” ಎಂದ ರಾಚಪ್ಪ. “ಕಂಪನಿ ಅಪೀಲ್ ಹೋಗೈತಿ. ಬೆಂಗಳೂರಿಗೆ, ಅಲ್ಲಿಂದ ಇನ್ನೂ ಮ್ಯಾಲ. ತೆರಿಗಿ ಒಂದು ರೂಪಾಯಿ ಇನ್ನೂ ಬಂದಿಲ್ಲ. ನನ್ನ ಕಮಿಷನ್ ಮಾತ್ರ ಹೋತು.”

“ನೀ ಈಗ ಏನ್ ಮಾಡಾಂವ?”

“ಹೊಸಪೇಟ್ಯಾಗ ಒಬ್ರು ಕರದಾರ. ಟ್ರ್ಯಾಕ್ಟರ್ ಮಾರೂದು. ದೇಶಿ ಕಂಪನಿ” ಎಂದು ಅವನು ಹುಳ್ಳಗೆ ನಕ್ಕ. ಕೊನೆಗೂ ಕಟ್ಟೆಯ ಮೇಲೆ ಕುಳಿತ. “ಅಪೀಲಿನಾಗ ನಿನ್ನ ಮತ್ತ ಕರೀಬಹುದು ಮಾವಾ. ಈ ವಯಸ್ಸಿನಾಗ ಬೆಂಗಳೂರಿಗೆ ಹೋಗ್ತೀ ಏನು?”

“ಸಮನ್ಸ್ ಬಂದ್ರ ಹೋಗ್ತೇನಿ.”

“ಅತ್ತಿ ಇದ್ದಿದ್ರ ಹೋಗಾಕ ಬಿಡ್ತಿದ್ಲೇನು?”

ಅಂದಪ್ಪ ಖಾಲಿ ಖೋಲಿಯ ಕದದ ಕಡೆ ನೋಡಿದ.

“ಬುತ್ತಿ ಕಟ್ಟಿ ಕಳಸ್ತಿದ್ಲು” ಎಂದ.